ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಇಳಿದು ರೈಲು ಹತ್ತುವುದು ಹೇಗೆ?

ಬೆಂಗಳೂರಿನಿಂದ ನೇರ ವಿಮಾನವಿರುವುದರಿಂದ, ಓದಲೋ ಕೆಲಸಕ್ಕೋ ಜರ್ಮನಿಗೆ ಹೊರಡುವ ಕನ್ನಡಿಗರಲ್ಲಿ ಅನೇಕರು ಆ ದೇಶದಲ್ಲಿ ಮೊದಲು ಕಾಲಿಡುವುದು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ. ಅವರು ತಲುಪಬೇಕಾದ ಊರು ಕಲೋನ್, ಸ್ಟುಟ್‌ಗಾರ್ಟ್, ಮ್ಯಾನ್‌ಹೈಮ್ ಅಥವಾ ಇನ್ನೂ ದೂರದ್ದಾದರೆ ಉಳಿದ ಪ್ರಯಾಣಕ್ಕೆ ರೈಲೇ ಅನುಕೂಲ. ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಮಕ್ಕಳು ಎರಡೆರಡು ದೊಡ್ಡ ಸೂಟ್‌ಕೇಸುಗಳೊಡನೆ ತಪ್ಪು ನಿಲ್ದಾಣದಲ್ಲಿ ಕಾಯುತ್ತಿರುವಾಗ ಅವರ ಗಾಡಿ ಪಕ್ಕದ ಇನ್ನೊಂದು ನಿಲ್ದಾಣದಿಂದ ಹೊರಟುಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದನ್ನು ತಪ್ಪಿಸುವುದು ಕಷ್ಟವೇನಲ್ಲ.

1. ಊರಿನಲ್ಲೇ ಟಿಕೆಟ್ ತೀರ್ಮಾನಿಸಿ

ಜರ್ಮನ್ ರೈಲ್ವೆಯ ಅಗ್ಗದ ಟಿಕೆಟ್‌ಗೆ ಸ್ಪಾರ್‌ಪ್ರೈಸ್ ಎಂದು ಹೆಸರು. ಅದರಲ್ಲಿ ನಮೂದಿಸಿದ ದೂರಗಾಮಿ ರೈಲನ್ನೇ ಹತ್ತಬೇಕು. ರೈಲಿನ ಕಾರಣದಿಂದಲೇ ನೀವು ಊರು ಸೇರುವುದು 20 ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ ಈ ನಿರ್ಬಂಧ ಸಡಿಲವಾಗುತ್ತದೆ; ಆದರೆ ಬೇರೆಯಾಗಿ ಕೊಂಡ ವಿಮಾನ ತಡವಾದರೆ ರೈಲ್ವೆಗೆ ಅದರ ಹೊಣೆಯಿಲ್ಲ, ನಿಮ್ಮ ಹಣ ಹೋದಂತೆಯೇ. ಆದ್ದರಿಂದ ಬಂದಿಳಿಯುವ ದಿನಕ್ಕೆ ಸ್ಪಾರ್‌ಪ್ರೈಸ್ ಕೊಳ್ಳಲೇಬೇಡಿ ಎಂಬುದು ನನ್ನ ಖಚಿತ ಸಲಹೆ. ಹಲವು ವಿಮಾನ ಸಂಸ್ಥೆಗಳು ವಿಮಾನದ ಟಿಕೆಟ್‌ನೊಂದಿಗೆ ರೈಲ್ ಅಂಡ್ ಫ್ಲೈ ಎಂಬ ಸೌಲಭ್ಯವನ್ನು ಕೊಡುತ್ತವೆ. ಅದಿದ್ದರೆ ಇಳಿದ ದಿನ ನಿಮಗೆ ಸಿಕ್ಕ ರೈಲು ಹತ್ತಬಹುದು. ಅದಿಲ್ಲವಾದರೆ, ಒಂದೇ ರೈಲಿಗೆ ಕಟ್ಟುಬೀಳದ ಫ್ಲೆಕ್ಸ್‌ಪ್ರೈಸ್ ಟಿಕೆಟನ್ನು ರೈಲ್ವೆಯ ಸ್ವಂತ ಆ್ಯಪ್ ಆದ ಡಿಬಿ ನ್ಯಾವಿಗೇಟರ್‌ನಲ್ಲೇ ಕೊಳ್ಳಿ. ಸೇವಾಶುಲ್ಕ ಸೇರಿಸಿ ಅದೇ ಟಿಕೆಟ್ ಮಾರುವ ಮಧ್ಯವರ್ತಿ ಜಾಲತಾಣಗಳಿಂದ ಯಾವ ಲಾಭವೂ ಇಲ್ಲ. ಒಂದೇ ಪ್ರಯಾಣಕ್ಕಾಗಿ ಯುರೋಪ್ ರೈಲ್ ಪಾಸ್ ಕೊಳ್ಳುವುದೂ ವ್ಯರ್ಥ.

ಬುಕ್ ಮಾಡುವಾಗ ಹೊರಡುವ ನಿಲ್ದಾಣದ ಹೆಸರು 'ಫ್ರಾಂಕ್‌ಫರ್ಟ್ (ಮೈನ್) ಫ್ಲುಗ್‌ಹಾಫೆನ್' ಎಂದಿರಬೇಕು. ಪೋಲೆಂಡ್ ಗಡಿಯಲ್ಲಿ ಓಡರ್ ನದಿಯ ದಡದ ಮೇಲೆ ಇನ್ನೊಂದು ಫ್ರಾಂಕ್‌ಫರ್ಟ್ ಇದೆ. ಫ್ರಾಂಕ್‌ಫರ್ಟ್-ಹಾನ್ ಎಂಬ ವಿಮಾನ ನಿಲ್ದಾಣವಂತೂ ನಗರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

2. ಹೊರಬರುವುದು

ಇಮಿಗ್ರೇಷನ್, ಲಗೇಜು, ಕಸ್ಟಮ್ಸ್: ಫಲಕಗಳನ್ನು ಅನುಸರಿಸಿದರೆ ಸಾಕು. 2025ರ ಅಕ್ಟೋಬರ್‌ನಿಂದ ಅಲ್ಪಾವಧಿ ಭೇಟಿಗೆ ಬರುವವರ ಬೆರಳಚ್ಚು ಮತ್ತು ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಆರಂಭವಾಗಿರುವುದರಿಂದ ಸಾಲು ನಿಧಾನವಾಗಬಹುದು. ನಿಲ್ದಾಣದ ವೈಫೈ ಉಚಿತ. ಸಿಮ್‌ಗಾಗಿ ಅಲ್ಲಿ ಹೊತ್ತು ಕಳೆಯಬೇಡಿ.

3. ಎರಡು ನಿಲ್ದಾಣಗಳಲ್ಲಿ ನಿಮ್ಮದು ಯಾವುದು?

ಎಲ್ಲರೂ ಎಡವುವುದು ಇಲ್ಲಿಯೇ. ಈ ವಿಮಾನ ನಿಲ್ದಾಣಕ್ಕೆ ಎರಡು ರೈಲು ನಿಲ್ದಾಣಗಳಿವೆ, ಎರಡೂ 1ನೇ ಟರ್ಮಿನಲ್‌ಗೆ ಹೊಂದಿಕೊಂಡಿವೆ. ಬೇರೆ ಟರ್ಮಿನಲ್‌ನಲ್ಲಿ ಇಳಿದವರು ಮೊದಲು ಸ್ಕೈಲೈನ್ ಎಂಬ ಚಾಲಕರಹಿತ ಗಾಡಿಯಲ್ಲಿ ಅಥವಾ ಷಟಲ್ ಬಸ್ಸಿನಲ್ಲಿ 1ನೇ ಟರ್ಮಿನಲ್‌ಗೆ ಬರಬೇಕು.

ಮೊದಲನೆಯದು ರೆಗಿಯೊನಾಲ್‌ಬಾನ್‌ಹೋಫ್, ಅಂದರೆ ಪ್ರಾದೇಶಿಕ ನಿಲ್ದಾಣ. ಅದು ಟರ್ಮಿನಲ್ ಕಟ್ಟಡದ ತಳದಲ್ಲೇ, ನೆಲದಡಿಯಲ್ಲಿದೆ. ಎಸ್-ಬಾನ್ ಎಂಬ ಉಪನಗರ ರೈಲುಗಳು ಮತ್ತು ಪ್ರಾದೇಶಿಕ ರೈಲುಗಳು ಅಲ್ಲಿಂದ ಹೊರಡುತ್ತವೆ. ಎರಡನೆಯದು 1999ರಲ್ಲಿ ಆರಂಭವಾದ ಫೆರ್ನ್‌ಬಾನ್‌ಹೋಫ್, ಅಂದರೆ ದೂರಗಾಮಿ ರೈಲುಗಳ ನಿಲ್ದಾಣ. ಐಸಿಇ ಎಂಬ ಅತಿವೇಗದ ರೈಲುಗಳಿಗೆ ಅಲ್ಲಿಗೇ ಹೋಗಬೇಕು. ಮುಚ್ಚಿದ ಮೇಲ್ಸೇತುವೆಯ ಮೂಲಕ ರಸ್ತೆ ದಾಟಿ, ಸ್ಕ್ವೇರ್ ಎಂಬ ಉದ್ದನೆಯ ಗಾಜಿನ ಕಟ್ಟಡವನ್ನು ಹೊಕ್ಕು, ಎಸ್ಕಲೇಟರ್ ಅಥವಾ ಲಿಫ್ಟ್‌ನಲ್ಲಿ ಕೆಳಗಿಳಿದರೆ ಪ್ಲಾಟ್‌ಫಾರ್ಮ್ ಸಿಗುತ್ತದೆ. ಲಗೇಜಿನೊಡನೆ ಹೊಸಬರಿಗೆ ಈ ನಡಿಗೆಗೆ ಹದಿನೈದು ನಿಮಿಷವಾದರೂ ಬೇಕು.

ಗೊಂದಲ ಪರಿಹರಿಸುವ ಸುಲಭ ಗುರುತು ಟಿಕೆಟ್‌ನಲ್ಲೋ ಆ್ಯಪ್‌ನಲ್ಲೋ 'ಗ್ಲೈಸ್' ಎಂಬ ಪದದ ಮುಂದಿರುವ ಪ್ಲಾಟ್‌ಫಾರ್ಮ್ ಸಂಖ್ಯೆ. 1ರಿಂದ 3 ಇದ್ದರೆ ಪ್ರಾದೇಶಿಕ ನಿಲ್ದಾಣ. 4ರಿಂದ 7 ಇದ್ದರೆ ದೂರಗಾಮಿ ನಿಲ್ದಾಣ. ಕೆಳಗಿಳಿಯುವ ಮೊದಲು ಈ ಅಂಕಿಯನ್ನು ನೋಡಿ, ಅನಂತರ ಫಲಕ ಹುಡುಕಿ.

4. ಫ್ರಾಂಕ್‌ಫರ್ಟ್ ನಗರಕ್ಕೆ ಮಾತ್ರ ಹೋಗುವವರಿಗೆ

ಎಸ್8 ಅಥವಾ ಎಸ್9 ಹತ್ತಿದರೆ ಹಾಪ್ಟ್‌ಬಾನ್‌ಹೋಫ್ ಎಂಬ ಮುಖ್ಯ ನಿಲ್ದಾಣ ಕಾಲು ಗಂಟೆಯೊಳಗೆ ಬರುತ್ತದೆ. ಅದೇ ಸಂಖ್ಯೆಯ ಗಾಡಿ ಎದುರು ದಿಕ್ಕಿಗೂ ಓಡುವುದರಿಂದ, ಫಲಕದಲ್ಲಿ ವೀಸ್‌ಬಾಡೆನ್ ಎಂದಿದ್ದರೆ ಹತ್ತಬಾರದು. ಹಾನಾವ್ ಅಥವಾ ಆಫೆನ್‌ಬಾಖ್ ಎಂದಿದ್ದರೆ ಅದೇ ನಿಮ್ಮ ಗಾಡಿ. ನಮ್ಮ ಮೆಟ್ರೊದಂತೆ ಅಲ್ಲಿ ಗೇಟುಗಳಿಲ್ಲ. ಗೇಟಿಲ್ಲವೆಂದು ಟಿಕೆಟ್ ಇಲ್ಲದೆ ಹತ್ತಿದವರು ತಪಾಸಣೆಯಲ್ಲಿ ಸಿಕ್ಕರೆ 60 ಯೂರೊ ತೆರಬೇಕು, ಹೊಸಬರೆಂಬ ವಿನಾಯಿತಿ ನಿರೀಕ್ಷಿಸಬೇಡಿ. ಈ ಸ್ಥಳೀಯ ಟಿಕೆಟ್ ಐಸಿಇಯಲ್ಲಿ ನಡೆಯುವುದಿಲ್ಲ.

5. ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಜಾಗ

ಐಸಿಇ ಇಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ, ಪ್ಲಾಟ್‌ಫಾರ್ಮ್ ಬಹಳ ಉದ್ದವಾಗಿದೆ. ಆದ್ದರಿಂದ ಗಾಡಿ ಬಂದ ಮೇಲೆ ಬೋಗಿ ಹುಡುಕುತ್ತಾ ಓಡುವಂತಾಗಬಾರದು. ತಲೆಯ ಮೇಲೆ ಎ, ಬಿ, ಸಿ ಎಂದು ಅಕ್ಷರದ ಫಲಕಗಳು ತೂಗುತ್ತಿರುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುವುದೆಂದು ಆ್ಯಪ್ ಮತ್ತು ಪ್ಲಾಟ್‌ಫಾರ್ಮಿನ ಪರದೆ ತೋರಿಸುತ್ತವೆ. ಬೋಗಿಗಳ ಕ್ರಮ ತಿರುವುಮುರುವಾಗಿ ಬರುವುದೂ ಪ್ಲಾಟ್‌ಫಾರ್ಮ್ ಬದಲಾಗುವುದೂ ಅಪರೂಪವಲ್ಲವಾದ್ದರಿಂದ ಗಾಡಿ ಬರುವ ಐದು ನಿಮಿಷ ಮೊದಲು ಇನ್ನೊಮ್ಮೆ ಪರದೆ ನೋಡಿ.

ಇನ್ನೊಂದು ಮುಖ್ಯ ಎಚ್ಚರಿಕೆಯಿದೆ. ಕೆಲವು ಐಸಿಇಗಳು ಎರಡು ಗಾಡಿಗಳನ್ನು ಜೋಡಿಸಿದಂಥವು. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾಟಲು ದಾರಿಯಿಲ್ಲ, ಮುಂದಿನ ಯಾವುದೋ ಊರಿನಲ್ಲಿ ಅವು ಬೇರ್ಪಟ್ಟು ಬೇರೆ ಬೇರೆ ದಿಕ್ಕಿಗೆ ಹೋಗುವುದೂ ಉಂಟು. ಬಾಗಿಲ ಪಕ್ಕದ ಪರದೆಯಲ್ಲಿ ನಿಮ್ಮ ಊರಿನ ಹೆಸರಿದೆಯೇ ಎಂದು ನೋಡಿಯೇ ಹತ್ತಿ. ಊರಿನ ಹೆಸರು ಸರಿಯಿದ್ದು ಬೋಗಿ ಮಾತ್ರ ದೂರವಿದ್ದರೆ, ಹತ್ತಿರದ ಬಾಗಿಲಲ್ಲಿ ಹತ್ತಿಕೊಂಡು ಒಳಗಿನಿಂದ ನಡೆದುಹೋಗುವುದೇ ಜಾಣತನ.

ಟಿಕೆಟ್ ಇದ್ದರೂ ಆಸನ ನಿಮ್ಮದಾಗುವುದಿಲ್ಲ, ಕಾಯ್ದಿರಿಸಲು ಬೇರೆ ಹಣ ಕೊಡಬೇಕು. ಶುಕ್ರವಾರ ಮತ್ತು ಭಾನುವಾರ ಸಂಜೆ ಪ್ರಯಾಣಿಸುವವರು ಕಾಯ್ದಿರಿಸಲೇಬೇಕು. ದೊಡ್ಡ ಸೂಟ್‌ಕೇಸು ತಲೆಯ ಮೇಲಿನ ಅಟ್ಟದಲ್ಲಿ ಹಿಡಿಸುವುದಿಲ್ಲ. ಬಾಗಿಲ ಬಳಿಯ ಕಪಾಟು ತುಂಬಿದ್ದರೆ ಬೆನ್ನಿಗೆ ಬೆನ್ನಾಗಿರುವ ಆಸನಗಳ ನಡುವಿನ ಸಂದಿಯಲ್ಲಿ ನಿಲ್ಲಿಸಿ. ಪ್ರಯಾಣಕ್ಕೆಂದು ಕೊನೆಯ ಗಳಿಗೆಯಲ್ಲಿ ಕೊಳ್ಳುವ ಅಗ್ಗದ ಸೂಟ್‌ಕೇಸುಗಳ ಚಕ್ರ 23 ಕಿಲೋ ಭಾರಕ್ಕೆ ದೂರಗಾಮಿ ನಿಲ್ದಾಣಕ್ಕೆ ಹೋಗುವ ಮೇಲ್ಸೇತುವೆ ದಾಟುವಷ್ಟರಲ್ಲೇ ಕಿತ್ತುಬರುತ್ತದೆ, ಅಂಥವನ್ನು ಕೊಳ್ಳಬೇಡಿ.

6. ಇಳಿಯುವುದು

ಕಲೋನ್‌ಗೆ 2002ರಲ್ಲಿ ತೆರೆದ ಹೊಸ ಮಾರ್ಗದಲ್ಲಿ ರೈಲು 300 ಕಿಲೋಮೀಟರ್ ವೇಗದಲ್ಲಿ ಓಡಿ ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಆದರೆ ಕೆಲವು ಗಾಡಿಗಳು ಅಲ್ಲಿನ ಮುಖ್ಯ ನಿಲ್ದಾಣಕ್ಕೆ ಹೋಗದೆ ರೈನ್ ನದಿಯ ಆಚೆ ದಡದ ಮೆಸ್ಸೆ-ಡಾಯ್ಟ್ಸ್‌ನಲ್ಲಿ ನಿಲ್ಲುತ್ತವೆ. ಅಲ್ಲೇ ಇಳಿದು, ಸೇತುವೆ ದಾಟಿಹೋಗುವ ಯಾವುದಾದರೂ ಸ್ಥಳೀಯ ರೈಲನ್ನು ಹಿಡಿಯಿರಿ. ಮುಖ್ಯ ನಿಲ್ದಾಣ ಅಲ್ಲಿಂದ ಮುಂದಿನದೇ.