ಎಕ್ಸ್‌ರೇಯಲ್ಲಿ ನಾಯಿಯ ಕಾಲು ಬರಲಿ, ನಿಮ್ಮ ಬೆರಳು ಬೇಡ

ಮನುಷ್ಯರಿಗಾದರೆ 'ಉಸಿರು ಕಟ್ಟಿ, ಅಲ್ಲಾಡಬೇಡಿ' ಅಂದರೆ ಮುಗಿಯಿತು. ಮೂಡಿಗೆರೆ, ಸಕಲೇಶಪುರ ಕಡೆಯಿಂದ ಜೀಪಿನಲ್ಲಿ ಹೊತ್ತು ತಂದ ತೋಟದ ನಾಯಿ, ಅದೂ ತೊಡೆಮೂಳೆ ಮುರಿದದ್ದು, ಮಾತು ಕೇಳುವುದಿಲ್ಲ. ಒಬ್ಬರು ತಲೆ ಅದುಮುತ್ತಾರೆ, ಇನ್ನೊಬ್ಬರು ಕಾಲು ಜಗ್ಗುತ್ತಾರೆ. ಎಕ್ಸ್‌ರೇ ಕೋಣೆಯಲ್ಲಿ ಹೆಚ್ಚು ವಿಕಿರಣ ತಿನ್ನುವುದು ಈ ಹಿಡಿಯುವ ಕೈಗಳೇ.

ಹಾಗಾಗಿ ಮೊದಲು ಮತ್ತಿನ ಚುಚ್ಚುಮದ್ದು. ಗಾಯಾಳು ಆಘಾತದಲ್ಲಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಆದ ಮೇಲೆಯೇ ಮತ್ತಿನ ಮದ್ದು; ಆ ತೀರ್ಮಾನ ವೈದ್ಯರದು. ಮಾಂಸಖಂಡಕ್ಕೆ ಚುಚ್ಚಿದ ಮೇಲೆ 10–15 ನಿಮಿಷ ಕತ್ತಲು, ಸದ್ದಿಲ್ಲದ ಮೂಲೆಯಲ್ಲಿ ಬಿಡಿ. ಅವಸರಪಟ್ಟರೆ ಯಂತ್ರದೊಳಗೆ ತಿರುಗುವ ರೋಟರ್ ಗುಯ್ ಎಂದೊಡನೆ ನಾಯಿ ಎದ್ದು ಕೂರುತ್ತದೆ, ಚಿತ್ರ ಕೆಡುತ್ತದೆ. ಇನ್ನೊಮ್ಮೆ ತೆಗೆದರೆ ವಿಕಿರಣವೂ ಎರಡರಷ್ಟು.

ಆಮೇಲೆ ಕೈಗೆ ಬದಲಿ. ರೆಕ್ಸಿನ್ ಚೀಲಕ್ಕೆ ಮೂರರಲ್ಲಿ ಎರಡು ಪಾಲು ಮಾತ್ರ ಮರಳು ತುಂಬಿ. ಬಿಗಿಯಾಗಿ ತುಂಬಿದರೆ ಉರುಳಿ ಬೀಳುತ್ತದೆ, ಸಡಿಲವಿದ್ದರೆ ಕಾಲಿನ ಮೇಲೆ ಬಳುಕಿ ಕೂರುತ್ತದೆ. ಗಂಟಲಿನ ಮೇಲೆ ಭಾರ ಬೀಳಬಾರದು. ಮರಳು ಕಿರಣದ ದಾರಿಗೆ ಬಂದರೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ದೂರವಿಡಿ. ಎದೆಯಡಿಗೆ ಫೋಮ್ ತುಂಡು, ಕಾಲಿಗೆ ಬ್ಯಾಂಡೇಜ್ ಪಟ್ಟಿ ಕಟ್ಟಿ ಮೇಜಿನ ಕೊಕ್ಕೆಗೆ ಬಿಗಿಯಿರಿ.

ಕಿರಣದ ಅಗಲ ಹೊಂದಿಸುವ ಕೊಲಿಮೇಟರ್‌ನ ದೀಪ ಹಾಕಿ, ಬೆಳಕಿನ ಚೌಕವನ್ನು ಬೇಕಾದಷ್ಟಕ್ಕೇ ಕಿರಿದಾಗಿಸಿ. ಚಿತ್ರದ ನಾಲ್ಕೂ ಅಂಚಿನಲ್ಲಿ ಕಿರಣ ಬೀಳದ ಪಟ್ಟಿ ಉಳಿಯಬೇಕು. ಹಳೆಯ ಫಿಲ್ಮಿನಲ್ಲಿ ಮೂಲೆಯಲ್ಲೊಂದು ಬೆರಳಿನ ಮೂಳೆ ಕಂಡರೆ ಎಲ್ಲರಿಗೂ ನಾಚಿಕೆ. ಡಿಜಿಟಲ್‌ನಲ್ಲಿ ಸಾಫ್ಟ್‌ವೇರ್ ಅಂಚನ್ನು ತಾನೇ ಕತ್ತರಿಸುತ್ತದೆ. ಬೆರಳು ಮಾಯ, ಬೆರಳಿಗೆ ತಗುಲಿದ ಕಿರಣ ಮಾತ್ರ ಮಾಯವಾಗದು. ಆಗಾಗ ಕತ್ತರಿಸದ ಮೂಲ ಚಿತ್ರ ತೆರೆದು ನೋಡಿ.

ಎಕ್ಸ್‌ಪೋಶರ್‌ಗೆ, ಅಂದರೆ ಎಷ್ಟು ಕಿರಣ ಬಿಡಬೇಕು ಎಂಬುದಕ್ಕೆ, ಅಂದಾಜು ಬೇಡ. ಕ್ಯಾಲಿಪರ್‌ನಲ್ಲಿ (ದಪ್ಪ ಅಳೆಯುವ ಇಕ್ಕಳದಂಥ ಅಳತೆಗೋಲು) ಆ ಭಾಗದ ದಪ್ಪ ಅಳೆಯಿರಿ. 100 ಸೆಂ.ಮೀ. ದೂರದಿಂದ, ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ಇಲ್ಲದೆ ತೆಗೆಯುವಾಗ ಹಳೆಯ ಲೆಕ್ಕವೊಂದಿದೆ: ಸೆಂ.ಮೀ. ದಪ್ಪ ಗುಣಿಸು 2, ಕೂಡಿಸು 40. 12 ಸೆಂ.ಮೀ.ಗೆ 64 ಕೆವಿ (ಕಿಲೋವೋಲ್ಟ್). ಅಲ್ಲಿಂದ ಶುರುಮಾಡಿ ನಿಮ್ಮ ಯಂತ್ರದ್ದೇ ಚಾರ್ಟ್ ಬರೆದು ಗೋಡೆಗೆ ಅಂಟಿಸಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಕೈಕೊಟ್ಟು ವೋಲ್ಟೇಜ್ ಕುಸಿದರೆ ಹಳೆಯ ಯಂತ್ರದಲ್ಲಿ ಚಿತ್ರ ಪೇಲವವಾಗುತ್ತದೆ. ಬಟನ್ ಒತ್ತುವ ಮುನ್ನ ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ.

ಬಟನ್ ಒತ್ತುವವರು ತಡೆಗೋಡೆಯ ಹಿಂದೆ, ಉಳಿದವರು ಹೊರಗೆ. ಗೋಡೆ ಇಲ್ಲದ ಕಡೆ ದೂರವೇ ಗತಿ: 1 ಮೀಟರ್‌ನಿಂದ 2 ಮೀಟರ್‌ಗೆ ಸರಿದರೆ ತಗಲುವುದು ಕಾಲುಭಾಗ. ಹಿಡಿಯದೆ ವಿಧಿಯಿಲ್ಲ ಎಂದಾದರೆ ಸೀಸದ ಏಪ್ರನ್, ಥೈರಾಯ್ಡ್ ಪಟ್ಟಿ, ಗ್ಲೌಸ್ ಮೂರೂ ಬೇಕು. ಏಪ್ರನ್, ಗ್ಲೌಸ್ ತಡೆಯುವುದು ಚದುರಿದ ಕಿರಣವನ್ನು; ನೇರ ಕಿರಣಕ್ಕೆ ಗ್ಲೌಸ್ ತೊಟ್ಟ ಕೈಯನ್ನೂ ಒಡ್ಡಬೇಡಿ. ಗರ್ಭಿಣಿಯರು, 18 ತುಂಬದವರು ಹಿಡಿಯುವುದೇ ಬೇಡ. ದಿನವೂ ಒಬ್ಬರಿಗೇ ಆ ಕೆಲಸ ಹಚ್ಚುವುದೂ ಅನ್ಯಾಯ.

ಹಸುವಿನ ಕಾಲಿಗಾದರೆ ಕಿರಣ ಅಡ್ಡಲಾಗಿ ಹೋಗುತ್ತದೆ. ಕೊಟ್ಟಿಗೆಯಲ್ಲಿ ಯಂತ್ರದ ಮುಖ ಖಾಲಿ ಹಿತ್ತಿಲ ಕಡೆಗಿರಲಿ, ಚಿತ್ರ ಮೂಡುವ ಕ್ಯಾಸೆಟ್ಟನ್ನು ಉದ್ದ ಹಿಡಿಕೆಯ ಹೋಲ್ಡರ್‌ನಲ್ಲೇ ಹಿಡಿಯಿರಿ. ಮತ್ತಿನ ಮದ್ದು ಝೈಲಾಝಿನ್ ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಹಸುವಿಗೆ ಸಾಕು; ತುಂಬುಗಬ್ಬದ ಹಸುವಿಗೆ ಕಂದು ಹಾಕುವ (ಗರ್ಭಪಾತದ) ಭಯವಿದೆ. ಬಟನ್ ಬಿಟ್ಟ ಕ್ಷಣವೇ ಕಿರಣ ನಿಲ್ಲುತ್ತದೆ, ಎಕ್ಸ್‌ರೇಯಿಂದ ಹಾಲಿಗೆ ದೋಷವಿಲ್ಲ. ಡೇರಿಗೆ ಹಾಕುವ ಮುನ್ನ ಮತ್ತಿನ ಮದ್ದಿನ ಲೇಬಲ್ ಓದಿ.

ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲೆ, ಏಪ್ರನ್ ಒಳಗೆ. ಮೂರು ತಿಂಗಳಿಗೊಮ್ಮೆ ಬದಲು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಏಪ್ರನ್ ಮಡಚಬೇಡಿ, ದಪ್ಪ ಹ್ಯಾಂಗರ್‌ಗೆ ತೂಗುಹಾಕಿ. ವರ್ಷಕ್ಕೊಮ್ಮೆ ಅದನ್ನೇ ಮೇಜಿನ ಮೇಲೆ ಹರಡಿ ಎಕ್ಸ್‌ರೇ ತೆಗೆಯಿರಿ: ಮಡಿಕೆಯ ಗುಂಟ ಕಪ್ಪು ಗೆರೆ ಕಂಡರೆ ಒಳಗಿನ ಸೀಸ ಬಿರುಕುಬಿಟ್ಟಿದೆ.