ಅಘನಾಶಿನಿಯ ಹಾವು ಮೀನು: ಹಿಡಿದದ್ದು, ಬಿಡಿಸಿದ್ದು, ಮುಳ್ಳು ಕೊಯ್ದದ್ದು

ಮೊದಲ ಸಲ ಹಾವು ಮೀನು ನನ್ನ ಗಾಳ ಕಚ್ಚಿದಾಗ ಕೈಗೆ ಬಂದದ್ದು ತುಂಡಾದ ದಾರ ಮಾತ್ರ. ಎರಡನೇ ಸಲವೂ ಅಷ್ಟೇ. ಕಲ್ಲಿಗೆ ಉಜ್ಜಿ ತುಂಡಾಯ್ತು ಅಂದುಕೊಂಡೆ. ಪಕ್ಕದ ದೋಣಿಯ ಅಜ್ಜ ದಾರದ ತುದಿ ಮುಟ್ಟಿ ನಕ್ಕರು. "ತಮಾ, ಇಲ್ಲಿ ಕಲ್ಲೆಲ್ಲಿದೆ? ಬರೀ ಕೆಸರು. ಇದು ಹಲ್ಲಿನ ಕೆಲಸ."

ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ ನಾನು ಗಾಳ ಹಾಕುವುದು ಬರೀ ಹವ್ಯಾಸಕ್ಕೆ. ಹಾವು ಮೀನು ಹಗಲು ಕೆಸರಲ್ಲಿ ಅಡಗಿದ್ದು, ರಾತ್ರಿ ಸಿಗಡಿ, ಏಡಿ, ಸಣ್ಣ ಮೀನು ಹುಡುಕಿಕೊಂಡು ಹೊರಡುತ್ತದೆ. ಹಾಗಾಗಿ ನಾನೂ ರಾತ್ರಿಯೇ ಕೂರುತ್ತೇನೆ. ಮೂತಿ ಉದ್ದ, ಮೈ ಬೂದು, ಹುರುಪೆ ಇಲ್ಲ. ಕಿವಿರಿನ ಹಿಂದೆ ಎರಡು ಪುಟ್ಟ ರೆಕ್ಕೆ ಇರುತ್ತವೆ. ಬಂಡೆ ಸಂದಿನಲ್ಲಿರುವ ಮೊರೇ ಜಾತಿಯ ಹಾವು ಮೀನಿಗೆ ಆ ರೆಕ್ಕೆ ಇಲ್ಲ, ಗುರುತು ಹಿಡಿಯಲು ಅದೇ ಸುಲಭ. ಕೊಂಕಣಿಯವರು ಇದಕ್ಕೆ ವಾಮ್ ಅನ್ನುತ್ತಾರೆ. ಎರಡು ಮೀಟರ್ ತನಕ ಬೆಳೆಯುತ್ತದೆ. ನನಗೆ ಸಿಕ್ಕಿದ್ದರಲ್ಲಿ ದೊಡ್ಡದು ನನ್ನ ಎದೆ ಎತ್ತರ ಇತ್ತು.

ದವಡೆ ಅಂಚಿನ ಹಲ್ಲಿಗಿಂತ ಅಂಗುಳಿನ ನಡುವೆ ಇರುವ ಸಾಲೇ ಭಯಂಕರ. ಅದಕ್ಕೇ ಈಗ ಗಾಳದ ಮೇಲೆ ಒಂದು ಗೇಣು ಸ್ಟೀಲ್ ತಂತಿ ಕಟ್ಟುತ್ತೇನೆ. ತಂತಿ ಮತ್ತು ದಾರದ ನಡುವೆ ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಬೇಕೇ ಬೇಕು. ಮೀನು ಗಿರಗಿರ ಸುತ್ತುತ್ತದೆ, ಇಲ್ಲದಿದ್ದರೆ ದಾರವೆಲ್ಲ ಗಂಟು.

ದೋಣಿಗೆ ಎಳೆದ ಮೇಲೆ ಗಾಳ ಬಿಡಿಸಲು ಹೋಗಬೇಡಿ. ನಾನು ಒಮ್ಮೆ ಹೋಗಿ ಹೆಬ್ಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡೆ. ತಲೆ ಕಡಿದ ಮೇಲೂ ಬಾಯಿ ಕಚ್ಚುತ್ತದೆ, ಸುಮ್ನೆ ಹೇಳುತ್ತಿಲ್ಲ. ಈಗ ತಂತಿ ಸಮೇತ ಬುಟ್ಟಿಗೆ ಹಾಕಿ ಮುಚ್ಚಳ ಬಿಗಿಯುತ್ತೇನೆ. ಗಾಳ ಬಿಡಿಸುವುದು ಬೆಳಗ್ಗೆ, ಇಕ್ಕಳದಲ್ಲಿ.

ಮನೆಯಲ್ಲಿ ಬೂದಿ ಹಚ್ಚಿ ತಿಕ್ಕಿದರೆ ಲೋಳೆ ಹೋಗುತ್ತದೆ. ಕೈಯಲ್ಲಿ ಗಾಯ ಇದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ. ಈ ಜಾತಿಯ ಮೀನುಗಳ ಹಸಿ ರಕ್ತದಲ್ಲಿ ವಿಷ ಇರುತ್ತದೆ, ಬೇಯಿಸಿದರೆ ಹೋಗುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲ ಎಸೆಯಬೇಡಿ. ಒಣಗಿಸಿದ ಗಾಳಿಚೀಲಕ್ಕೆ ಹಾಂಗ್‌ಕಾಂಗ್, ಚೀನಾ ಕಡೆ ಒಳ್ಳೆ ಬೆಲೆ ಇದೆ. ನಮ್ಮದು ಒಂದೆರಡು ಮೀನು, ಮಾರುವಷ್ಟಿಲ್ಲ, ಸಾರಿಗೆ ಹಾಕುತ್ತೇವೆ.

ನಿಜವಾದ ತಲೆನೋವು ಮುಳ್ಳು. ಮಾಂಸದೊಳಗೆಲ್ಲ ಕವಲೊಡೆದ ಸಣ್ಣ ಮುಳ್ಳು. ಒಂದೊಂದೇ ಕೀಳುತ್ತಾ ಕೂತರೆ ಮಾಂಸ ಹಿಟ್ಟಾಗುತ್ತದೆ. ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ದಾರಿ ಸಿಕ್ಕಿದ್ದು ಜಪಾನಿನವರಿಂದ. ಅವರು ಇದಕ್ಕೆ ಹಾಮೊ ಅನ್ನುತ್ತಾರೆ. ಜುಲೈನಲ್ಲಿ ಕ್ಯೋಟೋದ ಗಿಯೋನ್ ಹಬ್ಬಕ್ಕೆ ಇದೇ ಮೀನು ಬೇಕು. ಅವರು ಮುಳ್ಳು ಕೀಳುವುದೇ ಇಲ್ಲ, ಪುಡಿ ಪುಡಿಯಾಗುವಂತೆ ಕೊಯ್ಯುತ್ತಾರೆ. ಪಳಗಿದ ಕೈ ಸುಮಾರು ಮೂರು ಸೆಂಟಿಮೀಟರಿನಲ್ಲಿ 24 ಗೀಟು ಹಾಕುತ್ತದಂತೆ, ಕೆಳಗಿನ ಚರ್ಮ ಮಾತ್ರ ತುಂಡಾಗಬಾರದು.

ಈಳಿಗೆ ಮಣೆಯಲ್ಲಿ ಇದು ಆಗಲಿಲ್ಲ. ಭಾರದ ಕತ್ತಿ ತಂದು ಹರಿತ ಮಾಡಿಸಿದೆ. ನಡುಮುಳ್ಳು ತೆಗೆದು, ಚರ್ಮ ಕೆಳಗೆ ಮಾಡಿ ಮಲಗಿಸಿ ಗೀಟು ಹಾಕಿದೆ. ಮೊದಲ ಮೀನಿನಲ್ಲಿ ಚರ್ಮವೂ ಹೋಯಿತು. ನಾಲ್ಕನೆಯದರಲ್ಲಿ ಕತ್ತಿಯ ಕೆಳಗೆ ಮುಳ್ಳು ಚರ್ ಚರ್ ಅನ್ನುವುದು ಕೇಳತೊಡಗಿತು. ಆ ಸದ್ದು ಬಂದರೆ ಸರಿಯಾಗಿ ಕೊಯ್ಯುತ್ತಿದ್ದೇವೆ ಅಂತ. ನನಗೆ ಮೂರು ಸೆಂಟಿಮೀಟರಿಗೆ ಹನ್ನೆರಡೇ ದಾಟುವುದಿಲ್ಲ, ಆದರೂ ಸಾಕು. ಉಪ್ಪು, ಮೆಣಸಿನ ಪುಡಿ, ಮುರುಗಲು ರಸ ಹಚ್ಚಿ ತವಾದಲ್ಲಿ ಹುರಿದರೆ ಗೀಟುಗಳು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತವೆ. ಹಾವು ಅಂತ ಮುಟ್ಟದಿದ್ದ ಅಮ್ಮ ಈಗ ಎರಡು ತುಂಡು ಕೇಳುತ್ತಾರೆ.

ಬಾಲದ ಕಡೆ ಗೇಣುದ್ದ ಮಾತ್ರ ಇನ್ನೂ ನನ್ನ ಕತ್ತಿಗೆ ಬಗ್ಗಿಲ್ಲ. ಅಲ್ಲಿ ಮುಳ್ಳು ಜಾಸ್ತಿ. ಅದನ್ನು ಸಾರಿಗೆ ಹಾಕಿ ಸೋಸಿಬಿಡುತ್ತೇನೆ.