ಎಸಳೇ ಒಡೆಯದ ಬೆಳ್ಳುಳ್ಳಿ ಕೊನೆಗೂ ಸರಿಹೋಯಿತು

ಎರಡು ಸಲ ಹೀಗೇ ಆಯಿತು. ಗಿಡ ಹಸಿರಾಗಿ, ಸೊಂಪಾಗಿ ಬೆಳೆದಿತ್ತು. ಕಿತ್ತು ನೋಡಿದರೆ ಕೆಳಗೆ ಸಣ್ಣ ಈರುಳ್ಳಿಯಂಥ ಒಂದೇ ಉಂಡೆ. ಸಿಪ್ಪೆ ಸುಲಿದರೆ ಒಳಗೆ ಎಸಳುಗಳೇ ಇಲ್ಲ! ಗೊಬ್ಬರ ಸಾಲಲಿಲ್ಲವೇನೋ ಅಂದುಕೊಂಡು ಎರಡನೇ ಸಲ ಜಾಸ್ತಿ ಹಾಕಿದ್ದೆ. ಎಲೆ ದಪ್ಪ ಆಯಿತೇ ಹೊರತು ಗಡ್ಡೆ ಒಡೆಯಲಿಲ್ಲ.

ಕೊರತೆ ಇದ್ದದ್ದು ಚಳಿಯದು. ಬೆಳ್ಳುಳ್ಳಿಗೆ ಕೆಲವು ವಾರ ತಂಪು ಸಿಗಬೇಕು, ಆಮೇಲೆ ಹಗಲು ಉದ್ದವಾಗಬೇಕು. ಆಗಲೇ ಗಡ್ಡೆಯಲ್ಲಿ ಎಸಳು ಮೂಡುವುದು. ನಾನು ನೆಟ್ಟದ್ದು ತಡವಾಗಿ, ಚಳಿ ಮುಗಿಯುವ ಹೊತ್ತಿಗೆ.

ಈ ಸಲ ನೆಡುವ ಮೊದಲು ಇಡೀ ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ 6 ವಾರ ಫ್ರಿಜ್‌ನಲ್ಲಿಟ್ಟೆ. ಹೊರಗೆ ತೆಗೆದ ದಿನವೇ ಎಸಳು ಬಿಡಿಸಿದೆ, ಸಿಪ್ಪೆ ಮಾತ್ರ ಹಾಗೇ ಬಿಟ್ಟೆ. ದಪ್ಪನೆಯವನ್ನು ಆರಿಸಿ, ಚೂಪು ತುದಿ ಮೇಲೆ ಬರುವಂತೆ 5 ಸೆಂ.ಮೀ. ಆಳಕ್ಕೆ, 12 ಸೆಂ.ಮೀ. ಅಂತರದಲ್ಲಿ ನೆಟ್ಟೆ. ಹಳೆಯ ಒಂಟಿ ಉಂಡೆಗಳನ್ನು ಸುಮ್ನೆ ಬಿಸಾಡಬಾರದು ಅಲ್ವಾ? ಅವನ್ನೂ ತಂಪಲ್ಲಿಟ್ಟು ನೆಟ್ಟೆ. ಎಲ್ಲಕ್ಕಿಂತ ದೊಡ್ಡ ಗಡ್ಡೆ ಬಂದದ್ದು ಅವುಗಳಿಂದಲೇ!

ಕೆಳಗಿನ ಮೂರ್ನಾಲ್ಕು ಎಲೆ ಒಣಗಿದಾಗ ನೀರು ನಿಲ್ಲಿಸಿದೆ. ವಾರ ಬಿಟ್ಟು ಒಂದು ಗಿಡದ ಬುಡ ಕೆದಕಿದೆ. ಗಡ್ಡೆಯ ಸುತ್ತ ಎಸಳುಗಳ ಉಬ್ಬು ಬೆರಳಿಗೆ ತಾಕಿತು. ಎಷ್ಟು ಖುಷಿಯಾಯಿತು! ಎಲೆ ಹಿಡಿದು ಎಳೆದರೆ ಕತ್ತು ಮುರಿಯುತ್ತದೆ, ಹಾಗಾಗಿ ಮಣ್ಣು ಸಡಿಲಿಸಿ ಎತ್ತಿದೆ. ಈಗ ಎಲೆ ಸಮೇತ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿದ್ದೇನೆ. ಮೂರು ವಾರ ಒಣಗಬೇಕು. ದೊಡ್ಡ 5 ಗಡ್ಡೆ ಬೀಜಕ್ಕೆ.